ಬಿಆರ್‌ಸಿ ಹಾಲ್, ಮೊಬೈಲ್, ಮೀಟ್: ಶಿಕ್ಷಕರ ತರಬೇತಿಗೆ ಯಾವುದು ಆದೀತು?

ಆನ್‌ಲೈನ್ ತರಬೇತಿಯ ಆದೇಶದ ಪಿಡಿಎಫ್ ಹಾಕಿದ ದಿನ ನಮ್ಮ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ವಾಟ್ಸಾಪ್ ಗ್ರೂಪ್ ಗಪ್‌ಚುಪ್. ನೀಲಿ ಟಿಕ್ ಎಲ್ಲರದ್ದೂ ಬಿದ್ದಿರುತ್ತದೆ, ಉತ್ತರ ಒಬ್ಬರದ್ದೂ ಇಲ್ಲ. ‘ಹಳಬರಿಗೆ ಮೊಬೈಲ್ ಬರಲ್ಲ, ಅದಕ್ಕೇ ಹಿಂಜರಿಕೆ’ ಎಂಬ ವಿವರಣೆಯನ್ನು ನಾನಂತೂ ಒಪ್ಪುವುದಿಲ್ಲ. ಇದೇ ಹಳಬರು ಇಲಾಖೆಯ ಎಸ್‌ಎಟಿಎಸ್ ಜಾಲತಾಣದಲ್ಲಿ ಮಕ್ಕಳ ಮಾಹಿತಿ ತುಂಬುತ್ತಾರೆ, ಫೋನ್‌ಪೇಯಲ್ಲಿ ತರಕಾರಿಗೆ ದುಡ್ಡು ಕೊಡುತ್ತಾರೆ. ಸಿಆರ್‌ಪಿಯಾಗಿ, ಅಂದರೆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯಾಗಿ, ನಾನು ಎಲ್ಲ ಬಗೆಯ ತರಬೇತಿಗಳಲ್ಲೂ ಕೂತಿದ್ದೇನೆ, ಬೇರೆಯವರನ್ನು ಕೂರಿಸಿಯೂ ಇದ್ದೇನೆ. ನನಗೆ ಕಂಡದ್ದು ಇಷ್ಟು.

ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಹಾಲಿನ ಮುಖಾಮುಖಿ ತರಬೇತಿಯ ಬಗ್ಗೆ ಯಾರದ್ದೂ ತಕರಾರಿಲ್ಲ. ಓಓಡಿ ಸಿಗುತ್ತದೆ (ಆ ದಿನ ಕರ್ತವ್ಯದ ಮೇಲಿದ್ದಂತೆಯೇ ಲೆಕ್ಕ), ಜೊತೆಗೆ ಟಿಸಿಎಚ್ (ಶಿಕ್ಷಕರ ತರಬೇತಿ ಕೋರ್ಸು) ಓದಿದ ಗೆಳೆಯರು ಸಿಗುತ್ತಾರೆ, ಚಹಾ ವಿರಾಮದ ಹರಟೆಯಲ್ಲೇ ಎಷ್ಟೋ ಸಲ ಹೆಚ್ಚು ಕಲಿಯುತ್ತೇವೆ. ಆದರೆ ರಾಜ್ಯಮಟ್ಟದಲ್ಲಿ ಹೇಳಿದ್ದು ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿಗೆ ಇಳಿಯುವಷ್ಟರಲ್ಲಿ ತೆಳ್ಳಗಾಗಿರುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ಹೊರಟರೆ ಉಳಿದವರು ಒಂದರಿಂದ ಐದರವರೆಗಿನ ಮಕ್ಕಳನ್ನೂ ಬಿಸಿಯೂಟವನ್ನೂ ಒಬ್ಬರೇ ನೋಡಬೇಕು. ಈ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಮೊಬೈಲಿನಲ್ಲಿ ಒಬ್ಬೊಬ್ಬರೇ ಮಾಡುವ ಕೋರ್ಸಿನ ಕತೆ ಬೇರೆ. 2019ರ ಆಗಸ್ಟಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಷ್ಠಾ ಶಿಕ್ಷಕರ ತರಬೇತಿ ಮೊದಲು ಮುಖಾಮುಖಿಯಾಗಿಯೇ ಇತ್ತು. ಸುಮಾರು 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿ. ಕೋವಿಡ್ ಬಂದು 2020ರ ಅಕ್ಟೋಬರಿನಲ್ಲಿ ಅದು ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪಿಗೆ ಬಂತು, 18 ಕೋರ್ಸುಗಳಾಗಿ. ಆಮೇಲೆ ಬುನಾದಿ ಸಾಕ್ಷರತೆಗೆಂದೇ ಇನ್ನೂ 12. ಇದರ ದೊಡ್ಡ ಗುಣವೆಂದರೆ ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ಹಾಲಿನಲ್ಲಿ ಕೈ ಎತ್ತಿ ‘ಇನ್ನೊಮ್ಮೆ ಹೇಳಿ’ ಎನ್ನಲು ಸಂಕೋಚಪಡುವವರಿಗೆ ಇದು ವರ.

ಆದರೂ ಅಡುಗೆಮನೆ ಕಟ್ಟೆಯ ಮೇಲೆ ವಿಡಿಯೊ ತನ್ನ ಪಾಡಿಗೆ ಓಡುತ್ತಿರುತ್ತದೆ, ಪಕ್ಕದಲ್ಲಿ ದೋಸೆ. ಕ್ವಿಜ್ ಉತ್ತರಗಳು ಕೋರ್ಸಿಗಿಂತ ಮೊದಲೇ ಗ್ರೂಪುಗಳಲ್ಲಿ ತಿರುಗುತ್ತಿರುತ್ತವೆ. ಇದನ್ನು ಸೋಮಾರಿತನ ಎಂದುಬಿಡುವುದು ಸುಲಭ. ಬಿಆರ್‌ಸಿಗೆ ಹೋದರೆ ಅದು ಕೆಲಸ. ಮೊಬೈಲಿನಲ್ಲಿ ಮಾಡಿದರೆ ‘ಶಾಲಾ ಅವಧಿಯ ನಂತರ’. ಹಿಂಜರಿಕೆಯ ಅರ್ಧ ಪಾಲು ಇಲ್ಲೇ ಇದೆ. ಕೋರ್ಸಿನ ಪ್ರಮಾಣಪತ್ರಕ್ಕೆ ಕ್ವಿಜ್‌ನಲ್ಲಿ 70 ಪರ್ಸೆಂಟ್ ಬೇಕು. ಉಳಿದರ್ಧ ಏನೆಂದು ತಿಳಿದದ್ದು ನಿವೃತ್ತಿ ಹತ್ತಿರವಿದ್ದ ಮೇಷ್ಟ್ರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಾಗ: “70 ಪರ್ಸೆಂಟ್ ಬರಲಿಲ್ಲ ಅಂದ್ರೆ ಬಿಇಒ ಆಫೀಸಿಗೆ (ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ) ಗೊತ್ತಾಗುತ್ತಾ ಸರ್?” ಅವರ ಬೆರಳಿಗೆ ಆ್ಯಪ್ ಚೆನ್ನಾಗಿಯೇ ಒಗ್ಗಿತ್ತು. ಹೆದರಿಕೆ ಇದ್ದದ್ದು ದಾಖಲೆಯಾಗುವ ಸೋಲಿನ ಬಗ್ಗೆ.

ಜೂಮ್, ಮೀಟ್ ನೇರ ತರಗತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಚಿತ ಖಾತೆಯಾದರೆ ಜೂಮ್ 40 ನಿಮಿಷಕ್ಕೆ ಕಡಿಯುತ್ತದೆ, ಮೀಟ್ ಒಂದು ಗಂಟೆಗೆ. ಅದರಲ್ಲಿ ‘ಕೇಳಿಸ್ತಿದೆಯಾ’ಗೇ ಒಂದಷ್ಟು ಹೋಗುತ್ತದೆ. ಜನ ಕಡಿಮೆ ಇದ್ದರೆ, ಡಯಟ್‌ನಿಂದ (ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಿಂದ) ಒಳ್ಳೆಯ ಉಪನ್ಯಾಸಕರು ಸಿಕ್ಕರೆ, ಅನುಮಾನ ಪರಿಹಾರಕ್ಕೆ ಚೆನ್ನ. ಇಡೀ ತಾಲ್ಲೂಕನ್ನು ಸೇರಿಸಿದರೆ ಅದು ರೇಡಿಯೊ. ಹೆಸರು ಹಿಡಿದು ಪ್ರಶ್ನೆ ಕೇಳಿ ನೋಡಿ, ಹೆಸರು ಕರೆದವರದ್ದೇ ನೆಟ್‌ವರ್ಕ್ ಹೋಗುತ್ತದೆ!

ನನ್ನ ವೋಟು ನಾಲ್ಕನೆಯದಕ್ಕೆ: ಅದೇ ಆನ್‌ಲೈನ್ ಕೋರ್ಸನ್ನು ತಿಂಗಳ ಸಮಾಲೋಚನಾ ಸಭೆಯಲ್ಲಿ ಒಟ್ಟಿಗೆ ಕೂತು ನೋಡುವುದು. ಇದೇನು ಹೊಸದಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲೇ ಪಾಠ ಪ್ರಸಾರದ ಪ್ರಯೋಗ ನಡೆದಿತ್ತು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿಂದ ಸ್ಯಾಟ್‌ಕಾಂ (ಉಪಗ್ರಹ) ಪ್ರಸಾರವಾದರೆ ಗ್ರಾಮ ಪಂಚಾಯಿತಿ ಸದಸ್ಯರು ತಾಲ್ಲೂಕು ಕೇಂದ್ರದಲ್ಲಿ ಜೊತೆಯಾಗಿ ಕೂತು ನೋಡಿ, ಫೋನ್ ಮಾಡಿ ಪ್ರಶ್ನೆ ಕೇಳುತ್ತಿದ್ದರು. ಪರದೆ ಆಗಲೂ ಇತ್ತು. ಮೊಬೈಲ್ ಬಂದ ಮೇಲೆ ಪಕ್ಕದಲ್ಲಿ ಕೂರುವವರು ಇಲ್ಲದಾದರು, ಅಷ್ಟೇ.

ನಮ್ಮದು ಮಲೆನಾಡು, ಹಾಗಾಗಿ ವಿಡಿಯೊಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತೇನೆ. ಹಿರಿಯ ಪ್ರಾಥಮಿಕ ಶಾಲೆಯ ಸ್ಮಾರ್ಟ್ ಕ್ಲಾಸ್ ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಐದಾರು ನಿಮಿಷಕ್ಕೊಮ್ಮೆ ನಿಲ್ಲಿಸುತ್ತೇನೆ. ಗುಂಪು ಚಟುವಟಿಕೆಯ ವಿಡಿಯೊ ಓಡುತ್ತಿದ್ದಾಗ ನಲಿ-ಕಲಿ (ಕಿರಿಯ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಮೇಡಂ ಒಬ್ಬರು, “ಸ್ವಲ್ಪ ನಿಲ್ಲಿಸಿ ಸರ್. ಇವರು ಐದು ಗುಂಪು ಮಾಡಿ ಅಂತಾರೆ, ನನ್ನ ಒಂದನೇ ಕ್ಲಾಸಲ್ಲಿ ಇರೋದೇ ಮೂರು ಮಕ್ಕಳು” ಎಂದರು. ನಗು ಮುಗಿದ ಮೇಲೆ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಬೆರೆಸಿ ಅದೇ ಚಟುವಟಿಕೆ ಹೇಗೆ ಮಾಡಬಹುದು ಎಂದು ಅವರೇ ಎದ್ದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಮೊಬೈಲಿನಲ್ಲಿ ಒಬ್ಬರೇ ನೋಡಿದ್ದರೆ ಆ ಮಾತು ಅವರ ಬಾಯಲ್ಲೇ ಉಳಿಯುತ್ತಿತ್ತು. ಕ್ವಿಜ್ ಪ್ರಶ್ನೆಗಳನ್ನೂ ಮೊದಲು ಬಾಯಿಮಾತಿನಲ್ಲಿ ಚರ್ಚಿಸುತ್ತೇವೆ, ಆಮೇಲೆ ಅವರವರ ಫೋನು. ಫೇಲಾಗುವ ಭಯ ಹೋಗಿದ್ದು ಹೀಗೆ.

ತೊಂದರೆಯೂ ಉಂಟು. ಸಭೆಯಲ್ಲಿ ಅಂಕಿಅಂಶ, ಬಿಸಿಯೂಟದ ಲೆಕ್ಕ ಶುರುವಾದರೆ ಕೋರ್ಸಿಗೆ ಸಮಯವೇ ಉಳಿಯದು. ಹನ್ನೆರಡು ಕೋರ್ಸುಗಳನ್ನೂ ಹೀಗೆ ಮುಗಿಸುತ್ತೇವೆ ಎಂದುಕೊಂಡರೆ ಶೈಕ್ಷಣಿಕ ವರ್ಷ ಸಾಲದು. ಹಾಗಾಗಿ ಮೊದಲಿನ ಒಂದೆರಡನ್ನು ಮಾತ್ರ ಒಟ್ಟಿಗೆ ಮಾಡುತ್ತೇವೆ. ಮುಂದಿನವನ್ನು ಬಹುತೇಕರು ಕರೆ ಮಾಡಿ ನೆನಪಿಸದೆಯೇ ತಾವಾಗಿ ಮಾಡಿಕೊಂಡಿದ್ದಾರೆ. ಪೋಕ್ಸೊದಂಥ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಮಾಹಿತಿಯ ವಿಷಯಕ್ಕೆ ಮೊಬೈಲೇ ಸಾಕು. ಓದು ಕಲಿಸುವ ವಿಧಾನ, ಕಲಿಕೋಪಕರಣ ತಯಾರಿಕೆಗೆ ಮಾತ್ರ ಬಿಆರ್‌ಸಿ ಹಾಲೇ ಬೇಕು, ಕೈಗೆ ಗೋಂದು ಅಂಟಬೇಕು.

ಇನ್ನು ಮೇಲಿನವರಿಗೆ ನನ್ನದೊಂದು ಬೇಡಿಕೆ: ಆನ್‌ಲೈನ್ ಕೋರ್ಸಿಗೂ ತಿಂಗಳಿಗೆ ಅರ್ಧ ದಿನ ಓಓಡಿ ಕೊಡಿ. ಪ್ರಯಾಣ ಭತ್ಯೆಯಲ್ಲಿ ಉಳಿದ ದುಡ್ಡಿನಲ್ಲಿ ಆ ದಿನಕ್ಕೆ ಕ್ಲಸ್ಟರಿಗೊಂದು ಚಹಾ, ಬಿಸ್ಕತ್ತೂ ಆದೀತು.