ಸಪ್ಲಾಯರ್ ಕೆಲಸಕ್ಕೆ ಉಡುಪಿಯ ಸಸ್ಯಾಹಾರಿ ಹೋಟೆಲೋ, ಮಂಗಳೂರಿನ ಬಾರ್ ಆ್ಯಂಡ್ ರೆಸ್ಟೋರೆಂಟೋ?

ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದವರು ಮೊದಲು ತಿಳಿಯಬೇಕಾದದ್ದು, ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನವೂ ಅದರೊಂದಿಗಿನ ತುಟ್ಟಿಭತ್ಯೆಯೂ ಎರಡೂ ಕಡೆ ಸಲ್ಲಬೇಕು ಎಂಬುದನ್ನು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಕನಿಷ್ಠ ವೇತನ ಗಂಟೆಗೆ 7.25 ಡಾಲರ್ ಇದ್ದರೂ, ಟಿಪ್ಸ್ ಸಿಗುವ ನೌಕರರಿಗೆ ಮಾಲೀಕರು ಕೇವಲ 2.13 ಡಾಲರ್ ಕೊಟ್ಟು, ಉಳಿದದ್ದು ಟಿಪ್ಸಿನಿಂದ ತುಂಬಿತೆಂದು ಲೆಕ್ಕ ತೋರಿಸಬಹುದು. ನಮ್ಮಲ್ಲಿ ಅಂಥ ರಿಯಾಯಿತಿ ಇಲ್ಲ. ಆದುದರಿಂದ ‘ಟಿಪ್ಸ್ ಬರುತ್ತದಲ್ಲ’ ಎಂಬ ಮಾತು ಕಡಿಮೆ ಸಂಬಳಕ್ಕೆ ಸಮರ್ಥನೆಯಾಗದು.

ಸಸ್ಯಾಹಾರಿ ಹೋಟೆಲಿನಲ್ಲಿ ಗಿರಾಕಿಗಳು ಬನ್ಸ್, ಗೋಳಿಬಜೆ ತಿಂದು ಬೇಗನೆ ಏಳುತ್ತಾರೆ. ಬಿಲ್ಲು ಚಿಕ್ಕದು, ಬಿಟ್ಟುಹೋಗುವ ಚಿಲ್ಲರೆ ಇನ್ನೂ ಚಿಕ್ಕದು. ಆದರೆ ಅನೇಕ ಕಡೆ ಊಟ, ವಸತಿ ಹೋಟೆಲಿನದೇ ಆಗಿರುವುದರಿಂದ ಸಂಬಳದ ಬಹುಪಾಲನ್ನು ಮನೆಗೆ ಕಳುಹಿಸಬಹುದು.

ಬಾರಿನಲ್ಲಿ ಗಿರಾಕಿಗಳು ಹೆಚ್ಚು ಹೊತ್ತು ಕೂರುತ್ತಾರೆ, ಬಿಲ್ಲೂ ಟಿಪ್ಸೂ ದೊಡ್ಡವು. ಪ್ರತಿಯಾಗಿ ತಡರಾತ್ರಿಯ ದುಡಿಮೆ, ಅಮಲಿನವರ ರಗಳೆ, ಚುನಾವಣೆ ಬಂದರೆ ಮದ್ಯ ಮಾರಾಟವಿಲ್ಲದ ದಿನಗಳು. ಅದಕ್ಕಿಂತ ಮುಖ್ಯವಾಗಿ, ಪಿಎಫ್ ಮತ್ತು ಇಎಸ್‌ಐ ವಂತಿಗೆ ಲೆಕ್ಕವಾಗುವುದು ಸಂಬಳದ ಮೇಲೆಯೇ ಹೊರತು ಗಿರಾಕಿ ಕೈಗಿತ್ತ ನೋಟಿನ ಮೇಲಲ್ಲ.

ಸಂಸಾರಸ್ಥರಿಗೆ ನಾನು ಮೊದಲನೆಯದನ್ನೇ ಸೂಚಿಸುವೆ. ಬಾರನ್ನೇ ಆರಿಸುವವರು ಸೇರುವ ಮೊದಲು, ಕ್ಯೂಆರ್ ಕೋಡ್ ಮೂಲಕ ಮಾಲೀಕರ ಖಾತೆಗೆ ಬೀಳುವ ಟಿಪ್ಸ್ ಸಪ್ಲಾಯರಿಗೆ ಯಾವಾಗ, ಹೇಗೆ ಹಂಚಿಕೆಯಾಗುತ್ತದೆ, ಅಡುಗೆಯವರಿಗೂ ಕ್ಲೀನರಿಗೂ ಅದರಲ್ಲಿ ಪಾಲಿದೆಯೇ ಎಂದು ಮ್ಯಾನೇಜರರಲ್ಲಿ ಸ್ಪಷ್ಟವಾಗಿ ಕೇಳಿಕೊಳ್ಳಬೇಕು.