ಸೈಲೆನ್ಸರ್ ತೆರೆಸಿದ ಚೈನ್ ಸಾ: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸೈಲೆನ್ಸರ್‌ಗೆ ತೂತು ಹೊಡೆಸಿ ಹೊಗೆಗೆ ಇನ್ನೊಂದು ದಾರಿ ಕೊಡಿಸಿದ್ದರಿಂದ ನನ್ನ ಚೈನ್ ಸಾಗೆ ನಿಜವಾಗಿಯೂ ದಮ್ ಬಂದಿದೆ. ಆದರೆ ಅರ್ಧ ಕೆಲಸ ಮಾಡಿದ್ದು ತೂತಲ್ಲ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್‌ನ ಸ್ಕ್ರೂ. ಬರೀ ತೂತು ಹೊಡೆದು ಬಿಟ್ಟರೆ ಎಂಜಿನ್ ಉಳಿಯುವುದಿಲ್ಲ.

ನನ್ನದು ಸ್ಟಿಲ್ ಎಂಎಸ್ 250. 45.4 ಸಿಸಿ, 2.3 ಕಿಲೋವ್ಯಾಟ್. ಮಲೆನಾಡಿನ ಕಾಫಿ ತೋಟದಲ್ಲಿ ಇದರ ಕೆಲಸ: ಸಿಲ್ವರ್ ಓಕ್ ದಿಮ್ಮಿ ತುಂಡು ಮಾಡುವುದು, ಮಳೆಗಾಲದಲ್ಲಿ ದಾರಿಗೆ ಬಿದ್ದ ಮರ ತೆಗೆಯುವುದು, ಅಕೇಶಿಯಾ ಸೌದೆ. 18 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆ ಪಟ್ಟಿ) ದಪ್ಪ ದಿಮ್ಮಿಯಲ್ಲಿ ಪೂರ್ತಿ ಮುಳುಗಿದಾಗ ಎಂಜಿನ್ ಉಸಿರು ಕಟ್ಟಿ ಇಳಿದುಬಿಡುತ್ತಿತ್ತು. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದೆ.

ಕಂಪನಿಯವರು ಸೈಲೆನ್ಸರ್ ಬಾಯಿ ಸಣ್ಣದಿಡುವುದು ಶಬ್ದ ಮತ್ತು ಹೊಗೆಯ ನಿಯಮಗಳಿಗೆ ಹೊಂದಿಸಲು. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಸುಟ್ಟ ಹೊಗೆ ಪೂರ್ತಿ ಹೊರಗೆ ಹೋಗದಿದ್ದರೆ ಹೊಸ ಗಾಳಿ-ಪೆಟ್ರೋಲ್‌ಗೆ ಒಳಗೆ ಜಾಗ ಇರುವುದಿಲ್ಲ. ನಾನು ಕಂಪನಿಯ ಸೈಲೆನ್ಸರ್ ಮುಟ್ಟಲಿಲ್ಲ, ಬೇರೊಂದು ಕೊಂಡು ಅದಕ್ಕೆ ತೂತು ಹೊಡೆಸಿ, ಸಣ್ಣ ಪೈಪ್ ತುಂಡು ಬೆಸುಗೆ ಹಾಕಿಸಿದೆ. ಡ್ರಿಲ್ ಮಾಡುವಾಗ ಸೈಲೆನ್ಸರ್ ಎಂಜಿನ್‌ನಿಂದ ಬಿಚ್ಚಿರಲೇಬೇಕು. ಕಬ್ಬಿಣದ ಪುಡಿ ಒಂದು ಚಿಟಿಕೆ ಸಿಲಿಂಡರ್ ಒಳಗೆ ಹೋದರೂ ಪಿಸ್ಟನ್ ಗೀರಿ ಹೋಗುತ್ತದೆ. ಪೈಪಿನ ಬಾಯಿ ಪ್ಲಾಸ್ಟಿಕ್ ಕಡೆಗಾಗಲಿ, ಹಿಡಿಯುವ ಕೈ ಕಡೆಗಾಗಲಿ ತಿರುಗಿರಬಾರದು.

ಮುಖ್ಯ ವಿಷಯ ಈಗ. ಹೊಗೆ ಸಲೀಸಾಗಿ ಹೊರಗೆ ಹೋದರೆ ಗಾಳಿ ಜಾಸ್ತಿ ಒಳಗೆ ಬರುತ್ತದೆ, ಪೆಟ್ರೋಲ್ ಅದೇ ಲೆಕ್ಕದಲ್ಲಿ ಬರುವುದಿಲ್ಲ. ಆಯಿಲ್ ಇರುವುದೇ ಪೆಟ್ರೋಲ್‌ನಲ್ಲಿ, ಲೀಟರ್‌ಗೆ 20 ಮಿಲಿ, ಅಂದರೆ 50:1. ಪೆಟ್ರೋಲ್ ಕಮ್ಮಿಯಾದರೆ ಆಯಿಲ್ ಕೂಡ ಕಮ್ಮಿ. ಕಾವು ಏರಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಮೋಸ ಏನೆಂದರೆ, ಹಾಳಾಗುವ ಮುಂಚೆ ಮೆಷಿನ್ ಬಹಳ ಚೂಪಾಗಿ, ಜೋರಾಗಿ ಓಡುತ್ತದೆ. ಕೇಳಿದವರು ‘ಪಿಕಪ್ ಬಂತು’ ಅಂತ ಖುಷಿ ಪಡುತ್ತಾರೆ.

ಹಾಗಾಗಿ ಎಚ್ ಸ್ಕ್ರೂವನ್ನು (ಕಾರ್ಬೊರೇಟರ್‌ನಲ್ಲಿ ಫುಲ್ ರೇಸ್‌ನ ಪೆಟ್ರೋಲ್ ಹೊಂದಿಸುವ ಸ್ಕ್ರೂ) ಎಡಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಪೆಟ್ರೋಲ್ ಹೆಚ್ಚಿಸಬೇಕು. ಸರಿಯಾಗಿದ್ದರೆ ಖಾಲಿ ಫುಲ್ ರೇಸ್‌ನಲ್ಲಿ ಶಬ್ದ ಸ್ವಲ್ಪ ತೊದಲುತ್ತದೆ. ಬಾರ್ ಮರಕ್ಕೆ ಇಳಿದ ಕೂಡಲೇ ತೊದಲು ನಿಂತು ದನಿ ನೆಟ್ಟಗಾಗುತ್ತದೆ. ಕಿವಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಎಂಜಿನ್ ಸುತ್ತು ಎಣಿಸುವ ಟ್ಯಾಕೋಮೀಟರ್ ಹಿಡಿದು ನೋಡಿ, ಕಂಪನಿ ಹೇಳಿದ ಗರಿಷ್ಠ ಆರ್‌ಪಿಎಂ ದಾಟಬಾರದು. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಸರಿ, ಬಿಳಚಿಕೊಂಡಿದ್ದರೆ ತಕ್ಷಣ ನಿಲ್ಲಿಸಿ.

ಒಮ್ಮೆ ಕೂರಿಸಿದ ಟ್ಯೂನಿಂಗ್ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಸಾವಿರ ಮೀಟರ್ ಎತ್ತರದಲ್ಲಿ ಸರಿ ಮಾಡಿದ ಮೆಷಿನ್ ಘಟ್ಟ ಇಳಿದು ಮಂಗಳೂರು ಕಡೆ ಹೋದರೆ ಗಾಳಿ ದಟ್ಟ, ಮತ್ತೆ ಪೆಟ್ರೋಲ್ ಸಾಲದು. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲಂತೂ ಇನ್ನೂ ಜಾಗ್ರತೆ ಬೇಕು. ಎಥನಾಲ್ ತನ್ನಲ್ಲೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಮಿಶ್ರಣ ಮತ್ತಷ್ಟು ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಹೀಗೆ ಸ್ಕ್ರೂ ತಿರುಗಿಸಿ ಟ್ಯೂನ್ ಮಾಡುವ ಮೆಷಿನ್‌ಗಳಿಗೆ ಸ್ಟಿಲ್, ಹಸ್ಕ್‌ವಾರ್ನಾ ಎರಡೂ ಕಂಪನಿಗಳು ಶೇ 10ರವರೆಗಿನ ಎಥನಾಲ್‌ಗೆ ಮಾತ್ರ ಒಪ್ಪುತ್ತವೆ. ಬೆರೆಸಿದ ಪೆಟ್ರೋಲ್ ಡಬ್ಬದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ನೀರು ಹೀರುತ್ತದೆ.

ಫಲ ಏನು ಅಂದರೆ, ದಪ್ಪ ದಿಮ್ಮಿಯಲ್ಲಿ ಬಾರ್ ಮೇಲೆ ಸ್ವಲ್ಪ ಭಾರ ಹಾಕಿದರೂ ಚೈನ್ ನಿಲ್ಲುವುದಿಲ್ಲ. ಒಣಗಿ ಗಟ್ಟಿಯಾದ ಅಕೇಶಿಯಾದಲ್ಲಿ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಕೊಂಬೆ ಕಡಿಯುವಾಗ ಏನೂ ಗೊತ್ತಾಗುವುದಿಲ್ಲ. ಪೆಟ್ರೋಲ್ ಮೊದಲಿಗಿಂತ ಬೇಗ ಮುಗಿಯುತ್ತದೆ. ಇನ್ನೊಂದು ಮಾತು: ಅರ ಹಿಡಿದು ಹಲ್ಲು ಚೂಪು ಮಾಡಿದ ಚೈನ್ ಕೊಡುವ ಲಾಭ ಇದಕ್ಕಿಂತ ದೊಡ್ಡದು. ಮೊಂಡು ಚೈನ್ ಇಟ್ಟುಕೊಂಡು ಸೈಲೆನ್ಸರ್ ತೆರೆಸುವುದು ಸುಮ್ನೆ ದುಡ್ಡು ದಂಡ.

ಶಬ್ದ ನನಗೆ ನಿಜಕ್ಕೂ ಬೇಸರ ತಂದ ವಿಷಯ. ಕಿವಿಗೆ ಮಫ್ ಹಾಕಿಕೊಳ್ಳದೆ ಸ್ಟಾರ್ಟ್ ಮಾಡಲೇಬಾರದು. ಪಕ್ಕದಲ್ಲಿ ದಿಮ್ಮಿ ಹಿಡಿಯುವವರಿಗೂ ಕೊಡಿ, ಅವರ ಕಿವಿಯೂ ಕಿವಿಯೇ ಅಲ್ವಾ? ಮರ ಕೆಡಹುವಾಗ ಬುಡ ಲಟಲಟ ಎನ್ನುವುದು, ಜೊತೆಯವರು ಕೂಗುವುದು ಈ ಗದ್ದಲದಲ್ಲಿ ಕೇಳುವುದಿಲ್ಲ. ಅದಕ್ಕೇ ನಿಂತ ಮರ ಕಡಿಯುವ ದಿನ ಕಂಪನಿಯ ಸೈಲೆನ್ಸರ್ ಹಾಕಿ, ಎಚ್ ಸ್ಕ್ರೂ ಹಳೆ ಜಾಗಕ್ಕೆ ತಂದು ಕೆಲಸಕ್ಕೆ ಇಳಿಯುತ್ತೇನೆ.

ಕಿಡಿ ತಡೆಯುವ ಜಾಲರಿ ತೆಗೆದರೆ ಇನ್ನೂ ದಮ್ ಬರುತ್ತದೆ ಅನ್ನುವವರಿದ್ದಾರೆ. ಫೆಬ್ರವರಿ-ಮಾರ್ಚ್‌ನಲ್ಲಿ ತೋಟದ ತುಂಬ ದರಗು (ಒಣಗಿದ ಎಲೆ) ಬಿದ್ದಿರುತ್ತದೆ, ಒಂದು ಕಿಡಿ ಸಾಕು. ಹೊಸ ಬಾಯಿಗೂ ಜಾಲರಿ ಹಾಕಿಸಿದ್ದೇನೆ. ಅದರಲ್ಲಿ ಮಸಿ ಕಟ್ಟುತ್ತದೆ, ಆಗಾಗ ಬ್ರಷ್ ಹಾಕಬೇಕು. ಸೈಲೆನ್ಸರ್ ನಟ್ ಕೂಡ ಅದುರಿ ಸಡಿಲವಾಗುತ್ತದೆ, ನೋಡಿಕೊಳ್ಳಿ.

ದಪ್ಪ ದಿಮ್ಮಿಯ ಕೆಲಸ ಜಾಸ್ತಿ ಇದ್ದು, ಟ್ಯೂನಿಂಗ್ ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ಮಾಡಿಸಿ. ವಾರಂಟಿ ಇನ್ನೂ ಇದ್ದರೆ ಬೇಡ. ಎಚ್ ಸ್ಕ್ರೂ ಇಲ್ಲದ, ಪೆಟ್ರೋಲ್ ಹೆಚ್ಚಿಸಲು ಬಾರದ ಸಣ್ಣ ಮೆಷಿನ್‌ಗಳಿಗೆ ಖಂಡಿತ ಬೇಡ.