ಡಾಡ್ಜ್ ಡಾರ್ಟ್ ತಗ್ಗಿಸುವವರೇ, ಬರೀ ಬೋಲ್ಟ್ ಸಡಿಲಿಸಿ ಬಿಡಬೇಡಿ

ಅಮೆರಿಕದ ಹಳೆಯ ಕಾರಾದ 1968ರ ಡಾರ್ಟ್ ಒಂದನ್ನು, ಸ್ಲ್ಯಾಂಟ್ ಸಿಕ್ಸ್ ಎಂಬ ಓರೆಯಾಗಿ ಕೂರಿಸಿದ ಆರು ಸಿಲಿಂಡರ್ ಎಂಜಿನ್ನಿನದು, ಗ್ಯಾರೇಜಿನವರು ಮುಂದೆ 2 ಇಂಚು, ಹಿಂದೆ 3 ಇಂಚು ತಗ್ಗಿಸಿ ಕೊಟ್ಟರು. ನಿಂತಾಗ ಕಾರು ಬಲು ಚೆಂದ. ಓಡಿಸಿದರೆ ಪ್ರತಿ ಗುಂಡಿಗೂ ಚಕ್ರ ಮಿತಿಮೀರಿ ಮೇಲೇಳದಂತೆ ತಡೆಯುವ ಮುಂದಿನ ಬಂಪ್ ಸ್ಟಾಪ್ ರಬ್ಬರ್ ಬಡಿಯಿತು, ಶಾಕ್ ಅಬ್ಸಾರ್ಬರ್ ತಳ ಮುಟ್ಟಿ ಎಣ್ಣೆ ಸೋರಿತು. ಕೊನೆಗೆ ಹಿಂದಿನ ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್ ನಟ್ಟುಗಳು ಸಡಿಲಾಗಿ ಆಕ್ಸಲ್ ಒಂದು ಬದಿಗೆ ಜರುಗಿತು. ಆ ಕಾಲದ ಪ್ಲಿಮತ್ ವ್ಯಾಲಿಯಂಟ್ ಇಟ್ಟುಕೊಂಡವರೂ ಓದಿ, ಅದರ ಅಡಿಭಾಗವೂ ಇದೇ ಬಗೆಯದು.

ಈ ಕಾರುಗಳಿಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ. ಉದ್ದಕ್ಕೆ ಮಲಗಿಸಿದ ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳು ತಿರುಚಿಕೊಂಡು ಭಾರ ಹೊರುತ್ತದೆ. ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ (ಕಂಟ್ರೋಲ್ ಆರ್ಮ್) ಎತ್ತರ ಹೊಂದಿಸುವ ಬೋಲ್ಟ್ ಸಡಿಲಿಸಿದರೆ ಕಾಸು ಖರ್ಚಿಲ್ಲದೆ ಕಾರು ಇಳಿಯುತ್ತದೆ, ಆದರೆ ಬಾರಿನ ಬಿಗಿ ಎಳ್ಳಷ್ಟೂ ಹೆಚ್ಚುವುದಿಲ್ಲ. ಬಾರ್ ಮೊದಲಿನಷ್ಟೇ ಮೆತ್ತಗೆ, ಚಕ್ರ ಮೇಲೇಳಲು ಇದ್ದ ಜಾಗ ಮಾತ್ರ 2 ಇಂಚು ಕಡಿಮೆ. ಮುಂದಿನ ಬಡಿತಕ್ಕೆಲ್ಲ ಕಾರಣ ಇದೇ.

ಸಿಕ್ಸ್ ಸಿಲಿಂಡರ್ ಕಾರಿನ ಬಾರ್ ದಪ್ಪ 0.83 ಇಂಚು. ಬಿಗಿಯು ದಪ್ಪದ ನಾಲ್ಕನೇ ಘಾತದಂತೆ ಏರುವುದರಿಂದ 1 ಇಂಚಿನ ಬಾರ್ ಹಾಕಿದರೆ ಅದು ಎರಡು ಪಟ್ಟಿಗೂ ಮೀರುತ್ತದೆ. ಒಂದು ಇಂಚಿಗಿಂತ ಹೆಚ್ಚು ತಗ್ಗಿಸುವುದಾದರೆ ದಪ್ಪ ಬಾರ್, ಗಿಡ್ಡ ಬಂಪ್ ಸ್ಟಾಪ್, ಆ ಬಾರಿಗೆ ಹೊಂದುವ ಗಿಡ್ಡ ಶಾಕ್, ಮೂರನ್ನೂ ಒಟ್ಟಿಗೆ ಹಾಕಿಸಿ. ಬಾರ್ ಬಿಚ್ಚುವ ಮುಂಚೆ ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಟ್ಟು, ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಪೂರ್ತಿ ಸಡಿಲಿಸಬೇಕು. ಬಾರಿಗೆ ಪೈಪ್ ಪಾನಾ ಕಚ್ಚಿಸಲೇಬೇಡಿ, ಮೇಲೆ ಬಿದ್ದ ಗೀರಿನಿಂದಲೇ ಬಿರುಕು ಹುಟ್ಟುತ್ತದೆ. ಬೆಂಕಿಯಿಂದ ಕಾಯಿಸಿದರೆ ಉಕ್ಕಿನ ಹದವೇ ಹೋಯಿತು. ಎಡದ್ದು ಬಲಕ್ಕೆ ಹಾಕುವ ಹಾಗಿಲ್ಲ, ಪ್ರತಿಯೊಂದನ್ನೂ ಒಂದೇ ದಿಕ್ಕಿನ ತಿರುಚಿಗೆ ತಯಾರಿಸಿರುತ್ತಾರೆ.

ಎತ್ತರ ಹೊಂದಿಸಿದ ಮೇಲೆ ಕಾರನ್ನು ನಾಲ್ಕಾರು ಸಲ ಒತ್ತಿ ಕುಲುಕಿಸಿ ಅಳೆಯಿರಿ. ಎರಡೂ ಬದಿಗೆ 1/8 ಇಂಚಿಗಿಂತ ಹೆಚ್ಚು ವ್ಯತ್ಯಾಸ ಬೇಡ. ವೀಲ್ ಅಲೈನ್‌ಮೆಂಟ್ ಇದಾದ ನಂತರವೇ, ಮೊದಲೇ ಮಾಡಿಸಿದರೆ ದುಡ್ಡು ದಂಡ.

ಹಿಂದೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗಿನ ಮೇಲೆ ಆಕ್ಸಲ್ ಕೂತಿರುತ್ತದೆ, ನಡುವೆ ಬ್ಲಾಕ್ ಇಟ್ಟರೆ ಕಾರು ಇಳಿಯುತ್ತದೆ. 2 ಇಂಚು ದಾಟಬೇಡಿ. ಬ್ಲಾಕ್ ಎತ್ತರವಾದಷ್ಟೂ ಆಕ್ಸಲ್ಲಿಗೆ ಸನ್ನೆಕೋಲು ಉದ್ದವಾದಂತಾಗಿ, ಎಕ್ಸಲರೇಟರ್ ಒತ್ತಿದಾಗ ಪಟ್ಟಿಗಳು ಡೊಂಕಾಗಿ ಚಕ್ರ ಕುಪ್ಪಳಿಸುತ್ತದೆ. ಮೇಲೆ ಹೇಳಿದ ಕಾರಿಗೆ ಒಂದರ ಮೇಲೊಂದು ಎರಡು ಬ್ಲಾಕ್ ಪೇರಿಸಿ ಹಳೆಯ ಯು ಬೋಲ್ಟನ್ನೇ ಬಿಗಿದಿದ್ದರು, ನಟ್ಟಿಗೆ ಸಿಕ್ಕಿದ್ದು ಬೋಲ್ಟಿನ ತಿರುಪಿನ ಮೂರ್ನಾಲ್ಕು ಎಳೆ ಮಾತ್ರ! ಇಡೀ ಆಕ್ಸಲ್ಲನ್ನು ಹಿಡಿದಿಡುವುದು ಆ ಬೋಲ್ಟುಗಳೇ. ಒಂದೇ ಗಟ್ಟಿ ಬ್ಲಾಕ್, ಅದರ ಗೂಟ ಆಕ್ಸಲ್ ಪೀಠದ ತೂತಿನಲ್ಲಿ ಸರಿಯಾಗಿ ಕೂತಿರಬೇಕು. ಯು ಬೋಲ್ಟ್ ಹೊಸದೂ ಉದ್ದನೆಯದೂ ಆಗಿರಲಿ, 100 ಮೈಲಿ ಓಡಿದ ಮೇಲೆ ಮತ್ತೆ ಬಿಗಿಯಿರಿ.

ಈಗಾಗಲೇ ತಗ್ಗಿಸಿದ ಡಾರ್ಟ್ ಕೊಳ್ಳುವವರು ಮೊದಲು ಕಾರಿನಡಿ ಟಾರ್ಚ್ ಬಿಟ್ಟು ಬಂಪ್ ಸ್ಟಾಪ್ ನೋಡಿ. ರಬ್ಬರ್ ಜಜ್ಜಿ ಹೋಗಿದ್ದರೆ, ಹೊಸ ಬಾರ್ ಮತ್ತು ಶಾಕ್‌ಗಳ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.